ಡೆಸ್ಕ್‌ಟಾಪ್‌ನಲ್ಲಿ ಸರಿ, ಸರ್ವರ್‌ನಲ್ಲಿ ಕೈಕೊಟ್ಟಿತು: ರೂಟಿಂಗ್ ಸರ್ವಿಸ್ ದೋಷ ನಿವಾರಣೆ

ಎರಡು ಜಾಗಗಳ ನಡುವೆ ದಾರಿ ಹುಡುಕಿಕೊಡುವ ರೂಟಿಂಗ್ ಸರ್ವಿಸ್ ಕೆಟ್ಟಾಗ ಮೊದಲು ಬೈಸಿಕೊಳ್ಳುವುದು ಸರ್ವರ್. ತಪ್ಪು ಮಾತ್ರ ಬಹುತೇಕ ರಸ್ತೆ ಡೇಟಾದಲ್ಲಿ ಅಡಗಿರುತ್ತದೆ, ಇಲ್ಲವೇ ಸರ್ವರ್‌ಗೂ ಬ್ರೌಸರ್‌ಗೂ ನಡುವೆ ಕೂತು ಕೋರಿಕೆಗಳನ್ನು ದಾಟಿಸುವ ಪ್ರಾಕ್ಸಿಯಲ್ಲಿ. ಹಾಗಾಗಿ ಲಕ್ಷಣ ಯಾವುದೇ ಇರಲಿ, ಮೊದಲು ತಿಳಿಯಬೇಕಾದ್ದು ಇಷ್ಟು: ಅದೇ ಪ್ರಶ್ನೆಗೆ ಸರಿಯುತ್ತರ ಎಲ್ಲಿಯವರೆಗೆ ಬರುತ್ತಿದೆ, ಎಲ್ಲಿಂದಾಚೆ ತಪ್ಪುತ್ತಿದೆ?

ಈ ಬರಹ ಹೆಚ್ಚಾಗಿ ಆರ್ಕ್‌ಜಿಐಎಸ್ ಎಂಟರ್‌ಪ್ರೈಸ್ ಎಂಬ ನಕ್ಷೆ ಸಾಫ್ಟ್‌ವೇರ್ ಬಳಸುವವರಿಗೆ. ಓಎಸ್‌ಆರ್‌ಎಂ, ಪಿಜಿರೌಟಿಂಗ್, ವಲ್ಹಾಲಾ ಎಂಬ ಬೇರೆ ರೂಟಿಂಗ್ ಸಾಫ್ಟ್‌ವೇರ್ ಬಳಸುವವರಿಗೂ ಕಾರಣಗಳು ಇವೇ. ಸಂದೇಶದ ಪದಗಳು ಬೇರೆ, ಅಷ್ಟೆ.

ಮೊದಲು ಮಾಡುವ ಪರೀಕ್ಷೆ

ನಿಮಗೆ ಚೆನ್ನಾಗಿ ಗೊತ್ತಿರುವ ಒಂದೇ ರಸ್ತೆಯ ಮೇಲೆ, ನೂರಿನ್ನೂರು ಮೀಟರ್ ಅಂತರದಲ್ಲಿ ಎರಡು ಬಿಂದು ಆರಿಸಿ. ಇವೆರಡರ ನಡುವಿನ ದಾರಿಯನ್ನು ಮೂರು ಕಡೆ ಕೇಳಿ. ಒಂದು, ಡೆಸ್ಕ್‌ಟಾಪ್ ಸಾಫ್ಟ್‌ವೇರ್‌ನಲ್ಲಿ, ಸರ್ವರ್ ಓದುತ್ತಿರುವ ಅದೇ ಡೇಟಾಸೆಟ್ ತೆರೆದು. ಎರಡು, ಸರ್ವರ್ ಯಂತ್ರದಲ್ಲೇ ಕೂತು ಸರ್ವಿಸ್ ಡೈರೆಕ್ಟರಿಯ (ಸರ್ವಿಸ್‌ಗಳನ್ನು ಪಟ್ಟಿಮಾಡುವ ಪುಟ) ಮೂಲಕ ನೇರವಾಗಿ. ಆರ್ಕ್‌ಜಿಐಎಸ್ ಸರ್ವರ್‌ನಲ್ಲಾದರೆ ಇದು ಸಾಮಾನ್ಯವಾಗಿ 6443ನೇ ಪೋರ್ಟ್. ಮೂರು, ಬಳಕೆದಾರರು ತೆರೆಯುವ ಆ್ಯಪ್‌ನಲ್ಲಿ.

ಮೊದಲನೆಯದೇ ವಿಫಲವಾದರೆ ಡೇಟಾ ನೋಡಿ, ಸರ್ವರ್ ಮುಟ್ಟಬೇಡಿ. ಮೊದಲನೆಯದು ಸರಿ, ಎರಡನೆಯದು ತಪ್ಪು ಎಂದಾದರೆ ಪಬ್ಲಿಷ್ ಮಾಡಿದ (ಸರ್ವರ್‌ಗೆ ಏರಿಸಿದ) ಬಗೆ, ಅನುಮತಿ, ಲೈಸೆನ್ಸ್, ಇವುಗಳಲ್ಲೊಂದು. ಮೂರನೆಯದು ಮಾತ್ರ ತಪ್ಪಿದರೆ ಪ್ರಾಕ್ಸಿ, ಟೋಕನ್ (ಪ್ರವೇಶದ ಗುರುತು), ಬ್ರೌಸರ್. ಅರ್ಧಕ್ಕರ್ಧ ಹುಡುಕಾಟ ಇಲ್ಲೇ ಮುಗಿಯುತ್ತದೆ.

ಕೈಹಾಕುವ ಮುನ್ನ ಒಂದು ಎಚ್ಚರಿಕೆ. ಆಂಬುಲೆನ್ಸ್, ಅಗ್ನಿಶಾಮಕ ದಳದಂಥವರು ನೆಚ್ಚಿಕೊಂಡ ಸರ್ವಿಸ್ ಆಗಿದ್ದರೆ ಅದರ ಮೇಲೆಯೇ ಪ್ರಯೋಗ ಬೇಡ. ಡೇಟಾಸೆಟ್‌ನ ಪ್ರತಿ ಮಾಡಿ, ಬೇರೆ ಹೆಸರಿನಲ್ಲಿ ಇನ್ನೊಂದು ಸರ್ವಿಸ್ ಏರಿಸಿ, ಅದನ್ನು ಕೆದಕಿ.

ಲಕ್ಷಣ: ಪಬ್ಲಿಷ್ ಆಗುವುದೇ ಇಲ್ಲ

ಸುಲಭದ್ದು ಮೊದಲು: ಲೈಸೆನ್ಸ್. ಡೆಸ್ಕ್‌ಟಾಪ್‌ನಲ್ಲಿ ದಾರಿ ಲೆಕ್ಕಹಾಕುವ ನೆಟ್‌ವರ್ಕ್ ಅನಲಿಸ್ಟ್ ಎಕ್ಸ್‌ಟೆನ್ಷನ್ ಇದೆ ಎಂದ ಮಾತ್ರಕ್ಕೆ ಸರ್ವರ್‌ನಲ್ಲೂ ಇದೆ ಎಂದಲ್ಲ. ಎರಡೂ ಕಡೆ ಅನುಮತಿ ಬೇಕು. ಅವಧಿ ಮುಗಿದ ಲೈಸೆನ್ಸ್ ಕೂಡ ಇಲ್ಲದಂತೆಯೇ ವರ್ತಿಸುತ್ತದೆ. ಇದರಲ್ಲಿ ನೀವು ಮಾಡುವಂಥದ್ದೇನೂ ಇಲ್ಲ, ಲೈಸೆನ್ಸ್ ನೋಡಿಕೊಳ್ಳುವವರಿಗೆ ಹೇಳಿ.

ಲೈಸೆನ್ಸ್ ಸರಿಯಿದ್ದರೆ ಡೇಟಾದ ವಿಳಾಸ ನೋಡಿ. ನಿಮ್ಮ ಯಂತ್ರದ ಝೆಡ್ ಡ್ರೈವ್ ಸರ್ವರ್‌ಗೆ ಕಾಣುವುದಿಲ್ಲ. ಡ್ರೈವ್ ಅಕ್ಷರದ ಬದಲು ಯಂತ್ರದ ಹೆಸರಿನಿಂದ ಶುರುವಾಗುವ ಪೂರ್ಣ ನೆಟ್‌ವರ್ಕ್ ವಿಳಾಸ ಕೊಡಿ, ಆ ಫೋಲ್ಡರನ್ನು ಸರ್ವರ್‌ನಲ್ಲಿ ಡೇಟಾ ಸ್ಟೋರ್ ಆಗಿ ನೋಂದಾಯಿಸಿ. ಆಮೇಲೂ ಆಗದಿದ್ದರೆ ಸರ್ವರ್ ಯಾವ ಖಾತೆಯಲ್ಲಿ ಓಡುತ್ತಿದೆ ನೋಡಿ. ನೀವು ಲಾಗಿನ್ ಆಗಿ ಫೋಲ್ಡರ್ ತೆರೆದು ‘ಕಾಣುತ್ತಿದೆಯಲ್ಲ’ ಎಂದುಕೊಂಡರೆ ಅದು ನಿಮ್ಮ ಖಾತೆಯ ಕಥೆ. ಓದುವ ಅನುಮತಿ ಬೇಕಿರುವುದು ಸರ್ವರ್‌ನ ಖಾತೆಗೆ. ಬೇಸತ್ತು ಎಲ್ಲರಿಗೂ ಪೂರ್ಣ ಅನುಮತಿ ಕೊಟ್ಟು ಕೈತೊಳೆದುಕೊಳ್ಳುವವರಿದ್ದಾರೆ, ಅದು ಬೇಡ.

ಆವೃತ್ತಿಯ ಹೊಂದಾಣಿಕೆಯೂ ಕಾಡುತ್ತದೆ. ಹೊಸ ಆವೃತ್ತಿಯ ಡೆಸ್ಕ್‌ಟಾಪ್‌ನಲ್ಲಿ ಕಟ್ಟಿದ ನೆಟ್‌ವರ್ಕ್ ಡೇಟಾಸೆಟನ್ನು ಹಳೆಯ ಸರ್ವರ್ ತೆರೆಯದೆ ಹೋಗಬಹುದು. ಓಎಸ್‌ಆರ್‌ಎಂನಲ್ಲೂ ಹೀಗೆಯೇ: ಒಂದು ಆವೃತ್ತಿಯಲ್ಲಿ ಸಿದ್ಧಪಡಿಸಿದ ಕಡತಗಳನ್ನು ಇನ್ನೊಂದಕ್ಕೆ ಕೊಟ್ಟರೆ ಅದು ಒಲ್ಲೆ ಎನ್ನಬಹುದು. ಸಿದ್ಧಪಡಿಸಿದ ವಿಧಾನವೂ ಓಡಿಸುವ ವಿಧಾನವೂ ಒಂದೇ ಆಗಿರಬೇಕು. ‘ಕಾಂಟ್ರಾಕ್ಟ್’ ಹಂತದಲ್ಲಿ ತಯಾರಾದ ಡೇಟಾಗೆ ಎಂಎಲ್‌ಡಿ ಎಂಬ ಇನ್ನೊಂದು ವಿಧಾನ ಹೇಳಿ ಚಾಲೂ ಮಾಡಿದರೆ ಅದು ಏಳುವುದಿಲ್ಲ. ಮ್ಯಾಕ್ ಬಳಸುವವರಿಗೆ ಒಂದು ಕಿವಿಮಾತು: ಓಎಸ್‌ಆರ್‌ಎಂ ಕೇಳುವ 5000ನೇ ಪೋರ್ಟನ್ನು 2021ರ ಮಾಂಟೆರೆ ಆವೃತ್ತಿಯಿಂದೀಚೆಗೆ ಏರ್‌ಪ್ಲೇ ರಿಸೀವರ್ ಹಿಡಿದುಕೊಂಡಿರುತ್ತದೆ. ಬೇರೆ ಪೋರ್ಟ್ ಕೊಟ್ಟರೆ ಮುಗಿಯಿತು.

ಸರ್ವಿಸ್ ಪಬ್ಲಿಷ್ ಆಯಿತು, ಆದರೆ ನೆಟ್‌ವರ್ಕ್ ಅನಾಲಿಸಿಸ್ ವಿಳಾಸವೇ ಕಾಣುತ್ತಿಲ್ಲ ಎಂದಾದರೆ ಮ್ಯಾಪ್ ಸರ್ವಿಸ್‌ನ ಸಾಮರ್ಥ್ಯಗಳ ಪಟ್ಟಿಯಲ್ಲಿ ಅದನ್ನು ಆನ್ ಮಾಡಿರುವುದಿಲ್ಲ, ಅಥವಾ ನಕ್ಷೆಯಲ್ಲಿ ರೂಟ್, ಸರ್ವಿಸ್ ಏರಿಯಾದಂಥ ವಿಶ್ಲೇಷಣಾ ಲೇಯರ್ ಒಂದೂ ಇರುವುದಿಲ್ಲ. ಬರಿಯ ರಸ್ತೆ ಲೇಯರ್ ಏರಿಸಿದರೆ ಚಿತ್ರ ಬರುತ್ತದೆ, ದಾರಿ ಬರುವುದಿಲ್ಲ.

ಲಕ್ಷಣ: ‘ಬಿಂದು ರಸ್ತೆಗೆ ಕೂರಲಿಲ್ಲ’ ಎಂಬ ದೂರು

ಆರ್ಕ್‌ಜಿಐಎಸ್ ಇದನ್ನು ‘ಅನ್‌ಲೊಕೇಟೆಡ್’ ಎನ್ನುತ್ತದೆ, ಓಎಸ್‌ಆರ್‌ಎಂ ‘ನೋ ಸೆಗ್ಮೆಂಟ್’ ಎನ್ನುತ್ತದೆ, ವಲ್ಹಾಲಾ 171ನೇ ದೋಷ ಕೊಡುತ್ತದೆ. ಅರ್ಥ ಒಂದೇ: ಕೊಟ್ಟ ಬಿಂದುವಿನ ಹತ್ತಿರ ಬಳಸಬಹುದಾದ ರಸ್ತೆ ಸಿಗಲಿಲ್ಲ.

ಮೊದಲು ಅಂಕಿಗಳನ್ನೇ ಕಣ್ಣಿಟ್ಟು ನೋಡಿ, ಖರ್ಚಿಲ್ಲದ ಪರೀಕ್ಷೆ ಇದು. ಹೆಚ್ಚಿನ ರೂಟಿಂಗ್ ಸರ್ವಿಸ್‌ಗಳು ರೇಖಾಂಶವನ್ನು ಮೊದಲು ಕೇಳುತ್ತವೆ. ಲೀಫ್‌ಲೆಟ್‌ನಂಥ ನಕ್ಷೆ ಲೈಬ್ರರಿ ಅಕ್ಷಾಂಶವನ್ನು ಮೊದಲು ಕೊಡುತ್ತದೆ. ಅದಲುಬದಲಾದರೆ ಬಿಂದು ಸಮುದ್ರಕ್ಕೋ ಬೇರೆ ಖಂಡಕ್ಕೋ ಹೋಗುತ್ತದೆ. ಅಕ್ಷಾಂಶ ಎಂದೂ 90 ಮೀರಲಾರದು. ಮೀರಿದ್ದರೆ ಕಾರಣ ಅಲ್ಲೇ ಸಿಕ್ಕಿತು. ಅಂಕಿಗಳು ಲಕ್ಷಗಳಲ್ಲಿ, ಕೋಟಿಯ ಆಸುಪಾಸಿನಲ್ಲಿ ಇದ್ದರೆ ಅವು ಡಿಗ್ರಿಗಳಲ್ಲ, ಬಹುಶಃ ವೆಬ್ ಮರ್ಕೇಟರ್‌ನ ಮೀಟರ್‌ಗಳು. ಅವನ್ನು ಕಳಿಸುವಾಗ ನಿರ್ದೇಶಾಂಕ ಪದ್ಧತಿಯ ಸಂಖ್ಯೆಯನ್ನೂ ಜೊತೆಗೆ ಕಳಿಸಬೇಕು: ಡಿಗ್ರಿಗೆ 4326, ವೆಬ್ ಮರ್ಕೇಟರ್‌ಗೆ 3857. ಎರಡೂ ಸೊನ್ನೆ ಇದ್ದರೆ ದೋಷ ರೂಟಿಂಗ್‌ನದಲ್ಲ. ವಿಳಾಸವನ್ನು ಬಿಂದುವಾಗಿಸುವ ಹಂತ ಸೋತು ಸೊನ್ನೆ ತುಂಬಿ ಕಳಿಸಿದೆ.

ಅಂಕಿ ಸರಿಯಿದ್ದರೆ ಹುಡುಕಾಟದ ವ್ಯಾಪ್ತಿ ನೋಡಿ. ಆರ್ಕ್‌ಜಿಐಎಸ್ ಪ್ರೊನಲ್ಲಿ ಅದು ಮೊದಲಿಗೆ 5000 ಮೀಟರ್ ಇರುತ್ತದೆ. ಯಾರಾದರೂ 50ಕ್ಕೆ ಇಳಿಸಿದ್ದರೆ ದೊಡ್ಡ ಆವರಣದ ನಡುವಿನ ಕಟ್ಟಡಗಳೆಲ್ಲ ಹೊರಗುಳಿಯುತ್ತವೆ. ಆದರೆ ವ್ಯಾಪ್ತಿ ಹೆಚ್ಚಿಸಿ ಸಂದೇಶ ಮಾಯವಾಯಿತೆಂದು ಬಿಡಬೇಡಿ. ಬಿಂದು ನದಿಯಾಚೆಯ ರಸ್ತೆಗೆ ಹೋಗಿ ಕೂತಿದ್ದರೆ ದೋಷ ಕಣ್ಮರೆಯಾಗಿದೆ, ಹೋಗಿಲ್ಲ. ಓಎಸ್‌ಆರ್‌ಎಂ ಉತ್ತರದಲ್ಲಿ ಪ್ರತಿ ಬಿಂದುವಿನ ಜೊತೆ ಒಂದು ‘ಡಿಸ್ಟನ್ಸ್’ ಬರುತ್ತದೆ. ಕೇಳಿದ ಜಾಗದಿಂದ ಕೂತ ಜಾಗಕ್ಕೆ ಎಷ್ಟು ಮೀಟರ್ ಎಂಬ ಲೆಕ್ಕ ಅದು. ಅದು ಸಾವಿರ ದಾಟಿದರೆ ದಾರಿ ಎಷ್ಟೇ ಚೆಂದ ಕಂಡರೂ ನಂಬಬೇಡಿ.

ಲಕ್ಷಣ: ಬಿಂದುಗಳು ಕೂತವು, ‘ದಾರಿ ಇಲ್ಲ’ ಎನ್ನುತ್ತದೆ

ಹೆಚ್ಚು ಹೊತ್ತು ತಿನ್ನುವುದು ಇದೇ. ಕಾರಣಗಳು ಹಲವು, ಹೊರಗೆ ಕಾಣುವುದು ಮಾತ್ರ ಒಂದೇ ಸಾಲು. ವಲ್ಹಾಲಾದಲ್ಲಿ 442, ಓಎಸ್‌ಆರ್‌ಎಂನಲ್ಲಿ ‘ನೋ ರೂಟ್’.

ಮೊದಲ ಪ್ರಯೋಗ: ದಾರಿಯನ್ನು ತಿರುಗಿಸಿ ಕೇಳಿ. ಅಲ್ಲಿಂದ ಇಲ್ಲಿಗೆ ಸಿಕ್ಕಿ, ಇಲ್ಲಿಂದ ಅಲ್ಲಿಗೆ ಸಿಗದಿದ್ದರೆ ಏಕಮುಖ ರಸ್ತೆಯ ಡೇಟಾ ತಪ್ಪಾಗಿದೆ. ಆರ್ಕ್‌ಜಿಐಎಸ್ ಡೇಟಾದಲ್ಲಿ ಏಕಮುಖದ ಕಾಲಂನಲ್ಲಿ ಎಫ್‌ಟಿ ಎಂದರೆ ಗೆರೆ ಎಳೆದ ದಿಕ್ಕಿನಲ್ಲಿ ಮಾತ್ರ, ಟಿಎಫ್ ಎಂದರೆ ಅದಕ್ಕೆ ವಿರುದ್ಧವಾಗಿ ಮಾತ್ರ. ಎಡಿಟ್ ಮಾಡಿದವರು ಗೆರೆಯನ್ನು ತಿರುಗಿಸಿ ಕಾಲಂ ಬದಲಿಸದೆ ಬಿಟ್ಟರೆ ಇಡೀ ಬೀದಿ ತಲೆಕೆಳಗಾಗುತ್ತದೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಏಕಮುಖದ ಟ್ಯಾಗ್‌ಗೆ -1 ಎಂಬ ಬೆಲೆಯೂ ಇರುತ್ತದೆ, ಅಂದರೆ ಗೆರೆಯ ವಿರುದ್ಧ ದಿಕ್ಕು. ನೀವೇ ಬರೆದ ಸ್ಕ್ರಿಪ್ಟ್ ‘ಯೆಸ್’ ಒಂದನ್ನೇ ಗುರುತಿಸುತ್ತಿದ್ದರೆ ಅದು ತಪ್ಪಿಹೋಗುತ್ತದೆ.

ಎರಡನೆಯದು: ನಿರ್ಬಂಧಗಳನ್ನೆಲ್ಲ ತೆಗೆದು, ದೂರ ಒಂದನ್ನೇ ಅಳತೆಯಾಗಿಟ್ಟು ಕೇಳಿ. ಈಗ ದಾರಿ ಬಂದರೆ ರಸ್ತೆಗಳು ಕೂಡಿಕೊಂಡಿವೆ, ತಡೆಯುತ್ತಿರುವುದು ಯಾವುದೋ ನಿಯಮ. ಒಂದೊಂದೇ ನಿರ್ಬಂಧ ಮತ್ತೆ ಹಾಕುತ್ತ ಬನ್ನಿ, ಕಳ್ಳ ಸಿಕ್ಕುತ್ತಾನೆ. ಯು-ಟರ್ನ್ ನಿಯಮವನ್ನು ಮರೆಯಬೇಡಿ: ಎಲ್ಲೂ ತಿರುಗಬಾರದು ಎಂದಿದ್ದರೆ ಕೊನೆಮುಚ್ಚಿದ ಬೀದಿಯ ನಿಲುಗಡೆಗೆ ಹೋದ ವಾಹನ ಹೊರಬರಲಾರದು, ಸರ್ವಿಸ್ ಪ್ರಾಮಾಣಿಕವಾಗಿಯೇ ‘ಇಲ್ಲ’ ಎನ್ನುತ್ತದೆ. ಹಾಗೆಯೇ ಹೈರಾರ್ಕಿ (ರಸ್ತೆಗಳ ದರ್ಜೆ) ಆಫ್ ಮಾಡಿ ನೋಡಿ. ಹೈರಾರ್ಕಿ ಬಳಸಿದಾಗ ಹುಡುಕಾಟ ದೊಡ್ಡ ರಸ್ತೆಗಳನ್ನು ಹತ್ತಲು ನೋಡುತ್ತದೆ. ಹೆದ್ದಾರಿಯ ಒಂದು ತುಂಡಿಗೆ ತಪ್ಪು ದರ್ಜೆ ಬಿದ್ದಿದ್ದರೆ ಚಿಕ್ಕ ರಸ್ತೆಗಳಲ್ಲಿ ದಾರಿ ಇದ್ದರೂ ಅದು ಕೈಚೆಲ್ಲಬಹುದು.

ನಿರ್ಬಂಧ ತೆಗೆದರೂ ದಾರಿ ಇಲ್ಲವೇ? ಹಾಗಾದರೆ ರಸ್ತೆಗಳು ನಕ್ಷೆಯಲ್ಲಿ ತಾಕಿದಂತೆ ಕಾಣುತ್ತವೆ, ತಾಕಿಲ್ಲ. ಜೂಮ್ ಮಾಡುತ್ತ ಹೋದರೆ ಗೆರೆಗಳ ತುದಿಗಳ ನಡುವೆ ಕೂದಲೆಳೆಯಷ್ಟು ಸಂದು ಕಾಣಬಹುದು. ಅದೂ ಇಲ್ಲದಿದ್ದರೆ ಸಂಪರ್ಕ ನೀತಿ ನೋಡಿ. ‘ಎಂಡ್ ಪಾಯಿಂಟ್’ ನೀತಿಯಲ್ಲಿ ಗೆರೆಗಳು ತುದಿಯಲ್ಲಿ ಮಾತ್ರ ಕೂಡುತ್ತವೆ. ಉದ್ದನೆಯ ಗೆರೆಯ ನಡುವೆ ಅಡ್ಡರಸ್ತೆ ಬಂದು ಮುಟ್ಟಿದ್ದರೆ, ಆ ಜಾಗದಲ್ಲಿ ಉದ್ದದ ಗೆರೆಯನ್ನು ತುಂಡರಿಸದ ಹೊರತು ಕೂಡುವುದಿಲ್ಲ. ‘ಎನಿ ವರ್ಟೆಕ್ಸ್’ (ಗೆರೆಯ ಮೇಲೆ ಗುರುತಿಸಿದ ಯಾವ ಬಿಂದುವಿನಲ್ಲಾದರೂ ಕೂಡುವ ನೀತಿ) ಎಂದು ಬದಲಿಸಿದರೆ ಬೇಗ ಸರಿಹೋದಂತೆ ಕಾಣುತ್ತದೆ. ನಾನು ಅದನ್ನು ಕೊನೆಯ ಉಪಾಯವಾಗಿಯೇ ಇಡುತ್ತೇನೆ, ಏಕೆಂದರೆ ಮೇಲ್ಸೇತುವೆ ಮತ್ತು ಕೆಳಗಿನ ರಸ್ತೆಗೆ ಒಂದೇ ಜಾಗದಲ್ಲಿ ವರ್ಟೆಕ್ಸ್ ಇದ್ದು, ಎತ್ತರದ ಮಾಹಿತಿ ಇಲ್ಲದಿದ್ದರೆ, ವಾಹನ ಸೇತುವೆಯಿಂದ ನೇರ ಕೆಳಕ್ಕೆ ‘ಇಳಿಯುತ್ತದೆ’. ಎತ್ತರದ ಕಾಲಂಗಳನ್ನು ಸರಿಮಾಡುವುದು ನಿಧಾನದ ಕೆಲಸ, ಆದರೆ ಅದೇ ಸರಿಯಾದದ್ದು.

ಪಿಜಿರೌಟಿಂಗ್‌ನಲ್ಲಿ ಈ ದೋಷ ಟಾಲರೆನ್ಸ್‌ನಿಂದ (ತುದಿಗಳು ಎಷ್ಟು ಹತ್ತಿರವಿದ್ದರೆ ಕೂಡಿವೆ ಎನ್ನುವ ಅಂತರ) ಬರಬಹುದು. ಡೇಟಾ ಡಿಗ್ರಿಯಲ್ಲಿದ್ದರೆ ಟಾಲರೆನ್ಸ್ ಕೂಡ ಡಿಗ್ರಿಯೇ: 0.00001 ಎಂದರೆ ಸುಮಾರು 1.1 ಮೀಟರ್, 0.001 ಎಂದರೆ ಸುಮಾರು 111 ಮೀಟರ್. ಮೀಟರ್ ಎಂದುಕೊಂಡು 1 ಎಂದು ಕೊಟ್ಟರೆ ಸುಮಾರು 111 ಕಿಲೋಮೀಟರ್ ಹರವಿನ ತುದಿಗಳೆಲ್ಲ ಒಂದೇ ಗಂಟಾಗುತ್ತವೆ. ಇನ್ನು ‘ಕಾಸ್ಟ್’ (ಆ ರಸ್ತೆ ಹಾಯುವ ಖರ್ಚು) ಋಣಾತ್ಮಕವಾಗಿದ್ದರೆ ಆ ದಿಕ್ಕಿನಲ್ಲಿ ರಸ್ತೆಯೇ ಇಲ್ಲ ಎಂದು ಅದು ತಿಳಿಯುತ್ತದೆ. ‘ರಿವರ್ಸ್ ಕಾಸ್ಟ್’ ಕಾಲಂಗೆ ಎಲ್ಲೆಡೆ -1 ತುಂಬಿದ್ದರೆ ಇಡೀ ಊರು ಏಕಮುಖವಾಗುತ್ತದೆ. ಬಿಡಿಬಿಡಿಯಾಗಿ ಹುಡುಕುವ ಬದಲು ಕೂಡಿಕೊಂಡ ರಸ್ತೆಗಳನ್ನು ಗುಂಪುಮಾಡುವ ಕನೆಕ್ಟೆಡ್ ಕಾಂಪೊನೆಂಟ್ಸ್ ಫಂಕ್ಷನ್ ಓಡಿಸಿ, ಪ್ರತಿ ಗುಂಪಿಗೆ ಒಂದು ಬಣ್ಣ ಕೊಟ್ಟು ನಕ್ಷೆಯಲ್ಲಿ ನೋಡಿ. ಒಂದು ದೊಡ್ಡ ಗುಂಪು, ಅಲ್ಲಲ್ಲಿ ಚಿಕ್ಕ ದ್ವೀಪಗಳು ಸಹಜ. ಪೇಟೆಯ ಒಂದು ಭಾಗವೇ ಬೇರೆ ಬಣ್ಣದಲ್ಲಿ ಬಂದರೆ ಗಡಿಯಲ್ಲಿ ಹುಡುಕಿ.

ಸರಿಪಡಿಸಿದ ಮೇಲೆ ನೆಟ್‌ವರ್ಕನ್ನು ಬಿಲ್ಡ್ ಮಾಡಬೇಕು, ಅಂದರೆ ಮತ್ತೆ ಕಟ್ಟಬೇಕು. ಮಾಡದಿದ್ದರೆ ತಿದ್ದಿದ್ದು ನೆಟ್‌ವರ್ಕ್‌ಗೆ ಗೊತ್ತಾಗುವುದಿಲ್ಲ. ಬಿಲ್ಡ್ ದೋಷಗಳ ಪಟ್ಟಿ ಬಂದರೆ ಅದನ್ನು ಓದಿ. ಬಹಳಷ್ಟು ಜನ ಮುಚ್ಚಿಬಿಡುತ್ತಾರೆ, ಕಾರಣ ಅದರಲ್ಲೇ ಇರುತ್ತದೆ. ಬಿಲ್ಡ್ ಅರ್ಧಕ್ಕೆ ನಿಂತು, ಡೇಟಾ ಇರುವ ಜಿಯೊಡೇಟಾಬೇಸೇ ತೆರೆಯುತ್ತಿಲ್ಲವೆಂದರೆ ಅಲ್ಲಿಗೆ ಕೈಬಿಡಿ. ಫೋಲ್ಡರ್‌ನೊಳಗಿನ ಕಡತ ಅಳಿಸಿ ಸರಿಮಾಡಲು ಹೋಗಬೇಡಿ, ಬ್ಯಾಕಪ್‌ನಿಂದ ಮರಳಿ ತನ್ನಿ.

ಲಕ್ಷಣ: ದಾರಿ ಬರುತ್ತದೆ, ಆದರೆ ನಂಬುವಂತಿಲ್ಲ

ಸಮಯ ಅರವತ್ತು ಪಟ್ಟು ಹೆಚ್ಚೋ ಕಡಿಮೆಯೋ ಇದ್ದರೆ ಸೆಕೆಂಡು–ನಿಮಿಷದ ಗೊಂದಲ. ಮೀಟರ್‌ನಲ್ಲಿರುವ ಉದ್ದವನ್ನು 0.06ರಿಂದ ಗುಣಿಸಿ ಗಂಟೆಗೆ ಕಿಲೋಮೀಟರ್‌ನ ವೇಗದಿಂದ ಭಾಗಿಸಿದರೆ ನಿಮಿಷ ಬರುತ್ತದೆ: 1000 ಮೀಟರ್, 60ರ ವೇಗ, 1 ನಿಮಿಷ. ಇದೊಂದು ರಸ್ತೆಗೆ ತಾಳೆ ನೋಡಿದರೆ ಸಾಕು. ಎಲ್ಲ ದೂರಗಳೂ 0.009ರಂತೆ ಪುಟ್ಟದಾಗಿ ಬಂದರೆ ಉದ್ದವನ್ನು ಡಿಗ್ರಿಯಲ್ಲಿ ಅಳೆದಿದ್ದೀರಿ.

ದಾರಿ ಕಾರಣವಿಲ್ಲದೆ ಸುತ್ತಿ ಬಳಸಿ ಒಂದೇ ಬೀದಿಗೆ ಎಳೆದುಕೊಂಡು ಹೋದರೆ ಆ ಬೀದಿಯ ಖರ್ಚು ಸೊನ್ನೆ ಇರಬಹುದು. ವೇಗದ ಕಾಲಂ ಖಾಲಿ ಇದ್ದ ರಸ್ತೆಗಳಿಗೆ ಸ್ಕ್ರಿಪ್ಟ್ ಸೊನ್ನೆ ನಿಮಿಷ ಬರೆದಿರುತ್ತದೆ; ಬಿಟ್ಟಿ ಸಿಕ್ಕ ರಸ್ತೆಯನ್ನು ಯಾವ ಅಲ್ಗಾರಿದಮ್ ಬಿಟ್ಟೀತು? ಸೊನ್ನೆ ಮತ್ತು ಖಾಲಿ ಬೆಲೆಗಳನ್ನು ಪಟ್ಟಿಮಾಡಿ ನೋಡಿ.

ದಟ್ಟಣೆಯ ಲೆಕ್ಕ ವಿಚಿತ್ರವಾಗಿದ್ದರೆ ಹೊರಡುವ ಸಮಯ ಪರೀಕ್ಷಿಸಿ. ಆರ್ಕ್‌ಜಿಐಎಸ್ ಅದನ್ನು 1970ರ ಜನವರಿ 1ರಿಂದ ಮಿಲಿಸೆಕೆಂಡ್‌ಗಳಲ್ಲಿ ಕೇಳುತ್ತದೆ. ಸೆಕೆಂಡ್‌ನಲ್ಲಿ 1700000000 ಎಂದರೆ 2023ರ ನವೆಂಬರ್. ಅದೇ ಅಂಕಿಯನ್ನು ಮಿಲಿಸೆಕೆಂಡ್ ಎಂದು ಓದಿದರೆ 1970ರ ಜನವರಿ 20. ಸಮಯ ಯುಟಿಸಿಯೋ ಸ್ಥಳೀಯವೋ ಎಂಬುದನ್ನೂ ಸ್ಪಷ್ಟವಾಗಿ ಕಳಿಸಿ. ಇಲ್ಲದಿದ್ದರೆ ಬೆಳಗಿನ ದಟ್ಟಣೆ ನಡುರಾತ್ರಿಗೆ ಬೀಳುತ್ತದೆ.

ಡೆಸ್ಕ್‌ಟಾಪ್‌ನಲ್ಲಿ ಒಂದು ದಾರಿ, ಆ್ಯಪ್‌ನಲ್ಲಿ ಇನ್ನೊಂದು ಎಂದಾದರೆ ಟ್ರಾವೆಲ್ ಮೋಡ್ (ಕಾರು, ಟ್ರಕ್, ನಡಿಗೆಯಂಥದ್ದಕ್ಕೆ ನಿಯಮಗಳ ಕಟ್ಟು) ಬೇರೆಬೇರೆ ಇರುತ್ತದೆ. ಆ್ಯಪ್ ಯಾವುದನ್ನೂ ಕಳಿಸದಿದ್ದಾಗ ಸರ್ವಿಸ್ ತನ್ನ ಪೂರ್ವನಿಗದಿ ಮೋಡ್ ಹಿಡಿಯುತ್ತದೆ. ಸರ್ವಿಸ್‌ನಿಂದ ಮೋಡ್‌ಗಳ ಪಟ್ಟಿ ತರಿಸಿ, ಹೆಸರು ನೋಡಿ ಬಿಡದೆ ಒಳಗಿನ ನಿಯಮಗಳನ್ನು ಹೋಲಿಸಿ.

ಸುರಕ್ಷತೆಯ ಮಾತು ಹೆಚ್ಚು ಸಲ್ಲುವುದು ಇಲ್ಲೇ. ಎತ್ತರ, ತೂಕದ ಮಿತಿಯ ಡೇಟಾ ಇಲ್ಲದ ನೆಟ್‌ವರ್ಕ್ ಮೇಲೆ ‘ಟ್ರಕ್’ ಎಂಬ ಹೆಸರಿನ ಮೋಡ್ ಇಟ್ಟರೆ, ಚಾಲಕ ಅದನ್ನು ನಂಬಿ ತಗ್ಗು ಸೇತುವೆಯ ಕೆಳಗೆ ಬರುತ್ತಾನೆ. ಡೇಟಾ ಸಿಗುವವರೆಗೆ ಆ ಮೋಡನ್ನು ತೆಗೆದುಹಾಕಿ. ಡೇಟಾ ಇದೆ ಆದರೆ ಅನುಮಾನ ಎಂದಾದರೆ ಪರೀಕ್ಷೆ ಮುಗಿಯುವ ತನಕ ಸರ್ವಿಸ್ ನಿಲ್ಲಿಸುವುದೇ ಸರಿ.

ಲಕ್ಷಣ: ನಿಧಾನ, ನಡುವೆ ಕಡಿದುಹೋಗುತ್ತದೆ

ಎಷ್ಟು ಹೊತ್ತಿಗೆ ಕಡಿಯುತ್ತದೆ ಎಂದು ಗಡಿಯಾರ ನೋಡಿ. ಸರಿಯಾಗಿ 60 ಸೆಕೆಂಡಿಗೆ 504ನೇ ದೋಷ ಬಂದರೆ ಎಂಜಿನ್‌ಎಕ್ಸ್‌ನಂಥ ಪ್ರಾಕ್ಸಿ ಕಾದು ಸುಸ್ತಾಗಿದೆ. ಅದರ ಓದುವ ಅವಧಿ ಮೊದಲಿಗೆ 60 ಸೆಕೆಂಡೇ. ಆರ್ಕ್‌ಜಿಐಎಸ್ ಸರ್ವರ್‌ನಲ್ಲಿ ಖಾಲಿ ಇನ್‌ಸ್ಟನ್ಸ್‌ಗಾಗಿ (ಸರ್ವಿಸ್ ನಡೆಸುವ ಪ್ರಕ್ರಿಯೆ) ಕಾಯುವ ಮಿತಿಯೂ 60 ಸೆಕೆಂಡು, ಒಂದು ಕೋರಿಕೆ ಸರ್ವಿಸ್ ಬಳಸುವ ಮಿತಿ 600. ಹಾಗಾಗಿ 60ರಲ್ಲಿ ಕಡಿದರೆ ಎರಡೂ ಕಡೆಯ ಲಾಗ್ ನೋಡಬೇಕು. 600ರಲ್ಲಿ ಕಡಿದರೆ ಲೆಕ್ಕವೇ ದೊಡ್ಡದು.

ಹಲವು ಮೂಲ, ಗುರಿಗಳ ನಡುವಿನ ಲೆಕ್ಕವನ್ನು ಒಟ್ಟಿಗೆ ಕೇಳುವ ಮ್ಯಾಟ್ರಿಕ್ಸ್ ಕೋರಿಕೆ ಜನ ಎಣಿಸಿದ್ದಕ್ಕಿಂತ ಬೇಗ ಊದಿಕೊಳ್ಳುತ್ತದೆ. 100 ಮೂಲ, 100 ಗುರಿ ಎಂದರೆ 10,000 ಜೋಡಿ. 1000ಕ್ಕೆ 1000 ಎಂದರೆ 10 ಲಕ್ಷ. ಓಎಸ್‌ಆರ್‌ಎಂ ಟೇಬಲ್‌ನ ಮಿತಿ ಮೊದಲಿಗೆ 100 ಇರುವುದು ಇದಕ್ಕೇ; ಮೀರಿದರೆ ‘ಟೂ ಬಿಗ್’ ಎನ್ನುತ್ತದೆ. ಮಿತಿ ಎತ್ತುವ ಮೊದಲು ಕೋರಿಕೆಯನ್ನು ತುಂಡು ಮಾಡಿ. ದೊಡ್ಡ ಲೆಕ್ಕಗಳಿಗೆ ಅಸಿಂಕ್ರನಸ್ (ಕಾಯಿಸದೆ ಹಿನ್ನೆಲೆಯಲ್ಲಿ ಓಡುವ) ಸರ್ವಿಸ್ ಬಳಸಿ, ಕೆಲಸದ ಸ್ಥಿತಿಯನ್ನು ಆಗಾಗ ಕೇಳುತ್ತಿರಿ.

ಮೊದಲ ಕೋರಿಕೆ ಮಾತ್ರ ನಿಧಾನವಾದರೆ ಇನ್‌ಸ್ಟನ್ಸ್ ಮಲಗಿ ಏಳುತ್ತಿದೆ. ಕನಿಷ್ಠ ಸಂಖ್ಯೆಯನ್ನು 1 ಅಥವಾ 2ಕ್ಕೆ ಇಡಿ. ಎಲ್ಲವೂ ನಿಧಾನವಾದರೆ ಡೇಟಾಸೆಟ್ ದೂರದ ಹಂಚಿಕೆ ಫೋಲ್ಡರ್‌ನಲ್ಲಿದೆಯೇ ನೋಡಿ. ಸರ್ವರ್‌ನ ಸ್ವಂತ ಡಿಸ್ಕ್‌ಗೆ ತಂದರೆ ಎಷ್ಟೋ ಸಲ ಬೇರೇನೂ ಬೇಕಾಗುವುದಿಲ್ಲ.

ಲಕ್ಷಣ: ಬ್ರೌಸರ್‌ನಲ್ಲಿ ಮಾತ್ರ ಕೆಲಸ ಮಾಡುವುದಿಲ್ಲ

ಬ್ರೌಸರ್‌ನ ನೆಟ್‌ವರ್ಕ್ ಪಟ್ಟಿ ತೆರೆದು ಸಂಖ್ಯೆ ಓದಿ. ಟೋಕನ್ ಬೇಕು ಎಂದರೆ 499, ಕೊಟ್ಟ ಟೋಕನ್ ಸಲ್ಲದು ಎಂದರೆ 498. ಆರ್ಕ್‌ಜಿಐಎಸ್‌ನಲ್ಲಿ ಈ ಸಂಖ್ಯೆ ಉತ್ತರದ ಜೇಸನ್ ಒಳಗೂ ಬರಬಹುದು, ಮೇಲೆ 200 ಕಂಡು ಮೋಸಹೋಗಬೇಡಿ. 413 ಎಂದರೆ ಕೋರಿಕೆ ದಪ್ಪವಾಯಿತು (ಎಂಜಿನ್‌ಎಕ್ಸ್‌ನ ಮಿತಿ ಮೊದಲಿಗೆ 1 ಎಂಬಿ), 414 ಎಂದರೆ ವಿಳಾಸ ಉದ್ದವಾಯಿತು. ಎರಡನೆಯದಕ್ಕೆ ಗೆಟ್ ಬಿಟ್ಟು ಪೋಸ್ಟ್ ಬಳಸಿ. ಎಚ್‌ಟಿಟಿಪಿಎಸ್ ಪುಟದಿಂದ ಎಚ್‌ಟಿಟಿಪಿ ಸರ್ವಿಸ್ ಕರೆದರೆ ಬ್ರೌಸರ್ ಸದ್ದಿಲ್ಲದೆ ತಡೆಯುತ್ತದೆ. ಕಾರ್ಸ್ (ಬೇರೆ ಡೊಮೈನ್‌ನ ಪುಟ ಕರೆಯಲು ಬೇಕಾದ ಅನುಮತಿ) ದೋಷ ಬಂದರೆ ಅನುಮತಿಸಿದ ಡೊಮೈನ್‌ಗಳ ಪಟ್ಟಿಗೆ ನಿಮ್ಮದನ್ನು ಸೇರಿಸಿ. ನಕ್ಷತ್ರ ಚಿಹ್ನೆ ಹಾಕಿ ಎಲ್ಲರಿಗೂ ಬಾಗಿಲು ತೆರೆಯುವುದು, ಪ್ರಮಾಣಪತ್ರದ ಪರಿಶೀಲನೆ ಆಫ್ ಮಾಡುವುದು ರಿಪೇರಿಯ ಲೆಕ್ಕಕ್ಕೆ ಬರುವುದಿಲ್ಲ.

ಲಕ್ಷಣ: ಡೇಟಾ ತಿದ್ದಿದರೂ ಹಳೆಯ ದಾರಿಯೇ

ಪಬ್ಲಿಷ್ ಮಾಡುವಾಗ ಫೋಲ್ಡರ್ ನೋಂದಣಿಯಾಗಿರದಿದ್ದರೆ ಡೇಟಾ ಸರ್ವರ್‌ಗೆ ನಕಲಾಗಿರುತ್ತದೆ. ನೀವು ಮೂಲವನ್ನು ತಿದ್ದುತ್ತಿದ್ದೀರಿ, ಸರ್ವರ್ ನಕಲನ್ನು ಓದುತ್ತಿದೆ. ನೋಂದಣಿ ಇದ್ದರೆ ಇನ್ನೊಂದು ತೊಡಕು: ಓಡುತ್ತಿರುವ ಸರ್ವಿಸ್ ಜಿಯೊಡೇಟಾಬೇಸ್‌ಗೆ ಲಾಕ್ ಹಾಕಿರುತ್ತದೆ, ಬಿಲ್ಡ್ ಆಗುವುದಿಲ್ಲ. ಸರ್ವಿಸ್ ನಿಲ್ಲಿಸಿ, ಬಿಲ್ಡ್ ಮಾಡಿ, ಮತ್ತೆ ಶುರುಮಾಡಿ. ನಿಲ್ಲಿಸುವಂತಿಲ್ಲದ ಕಡೆ ಪಕ್ಕದಲ್ಲಿ ಹೊಸ ಪ್ರತಿ ಕಟ್ಟಿ ಸರ್ವಿಸನ್ನು ಅದಕ್ಕೆ ಹೊರಳಿಸಿ. ಓಎಸ್‌ಆರ್‌ಎಂನಲ್ಲಾದರೆ ಹೊಸ ನಕ್ಷೆ ಕಡತ ತಂದಿಟ್ಟರಷ್ಟೇ ಸಾಲದು, ಎಕ್ಸ್‌ಟ್ರಾಕ್ಟ್‌ನಿಂದ ಎಲ್ಲ ಹಂತಗಳನ್ನೂ ಮತ್ತೆ ಓಡಿಸಬೇಕು.

ಸಹಾಯ ಕೇಳುವಾಗ

ಲೈಸೆನ್ಸ್, ಕೆಟ್ಟ ಜಿಯೊಡೇಟಾಬೇಸ್, ಚಿಕ್ಕ ಕೋರಿಕೆಗೂ ಕುಸಿದು ಬೀಳುವ ಇನ್‌ಸ್ಟನ್ಸ್: ಈ ಮೂರರಲ್ಲಿ ಯಾವುದು ಕಂಡರೂ ತಡಮಾಡದೆ ತಯಾರಕರ ಬೆಂಬಲಕ್ಕೋ ನಿರ್ವಾಹಕರಿಗೋ ಒಪ್ಪಿಸಿ. ಅದಕ್ಕೆ ಮುಂಚೆ ಸರ್ವರ್‌ನ ಲಾಗ್ ಮಟ್ಟವನ್ನು ‘ವಾರ್ನಿಂಗ್’ನಿಂದ ‘ಡೀಬಗ್’ಗೆ ಏರಿಸಿ, ದೋಷವನ್ನು ಒಮ್ಮೆ ಮರುಕಳಿಸಿ, ಮಟ್ಟವನ್ನು ಮೊದಲಿನಂತೆ ಇಳಿಸಿ, ಹಾಗೇ ಬಿಟ್ಟರೆ ಲಾಗ್ ಡಿಸ್ಕನ್ನೇ ತುಂಬಿಬಿಡುತ್ತದೆ. ವಿಫಲವಾದ ಅತಿ ಚಿಕ್ಕ ಕೋರಿಕೆಯ ಪೂರ್ಣ ಪಠ್ಯ, ಅದನ್ನು ಕಳಿಸಿದ ಸಮಯ, ಆ ನಿಮಿಷದ ಲಾಗ್ ಸಾಲುಗಳು, ಸರ್ವರ್ ಮತ್ತು ಡೆಸ್ಕ್‌ಟಾಪ್ ಆವೃತ್ತಿಗಳು, ಮೂರು ಕಡೆಯ ಪರೀಕ್ಷೆಯ ಫಲಿತಾಂಶ, ಇಷ್ಟು ಕಳಿಸಿ. ಕಳಿಸುವ ಮೊದಲು ಟೋಕನ್ ಅಳಿಸಿ. ಬಿಂದುಗಳು ಯಾರದಾದರೂ ಮನೆಯ ವಿಳಾಸವಾಗಿದ್ದರೆ ಅದೇ ದೋಷ ಕೊಡುವ ಬೇರೆ ಬಿಂದುಗಳನ್ನು ಹುಡುಕಿ ಹಾಕಿ.